ಕಾಡು ನೋಡಲು ಹೊರಟವರು ಕಾಡಂಚನ್ನೂ ನೋಡಲಿ

ಮೆಜೆಸ್ಟಿಕ್‌ನಿಂದ ಹೊರಡುವ 365ನೇ ನಂಬರಿನ ಬಿಎಂಟಿಸಿ ಬಸ್ಸು ಡೇರಿ ಸರ್ಕಲ್, ಜಯದೇವ ಆಸ್ಪತ್ರೆ ದಾಟಿ, ಒಂದು ಮಗ್ಗುಲಿಗೆ ಬಿಟಿಎಂ ಬಡಾವಣೆ, ಇನ್ನೊಂದು ಮಗ್ಗುಲಿಗೆ ಜೆ.ಪಿ. ನಗರವನ್ನು ಬಿಟ್ಟು ಬನ್ನೇರುಘಟ್ಟದತ್ತ ಸಾಗುತ್ತದೆ. ಕೊನೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ರಾಷ್ಟ್ರೀಯ ಉದ್ಯಾನ. ಸಿಟಿ ಬಸ್ಸಿನ ಟಿಕೆಟಿನಲ್ಲಿ ಆನೆ ಓಡಾಡುವ ಕಾಡಿನ ಬಾಗಿಲು ಮುಟ್ಟುವ ಭಾಗ್ಯ ದೇಶದ ಎಷ್ಟು ಮಹಾನಗರಗಳಿಗಿದೆ? ಹಾಗಾಗಿಯೇ ದಕ್ಷಿಣ ಬೆಂಗಳೂರಿನ ವಾರಾಂತ್ಯವೆಂದರೆ ಈಗ ಬೆಟ್ಟ, ಹೊಳೆ, ಕಾಡು. ಶುಕ್ರವಾರ ರಾತ್ರಿ ಸಿಲ್ಕ್ ಬೋರ್ಡ್ ಬಳಿ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಕುಮಾರ ಪರ್ವತಕ್ಕೋ ಮುಳ್ಳಯ್ಯನಗಿರಿಗೋ ಹೋಗುವ ಟೆಂಪೊ ಟ್ರಾವೆಲರ್‌ಗಾಗಿ ಕಾಯುತ್ತಾರೆ. ಬೆಳಗಾದರೆ ಬನಶಂಕರಿ ಕಡೆಯಿಂದ ಕನಕಪುರ ರಸ್ತೆ ಹಿಡಿದ ಕಾರುಗಳು ಸಂಗಮ, ಮೇಕೆದಾಟು, ಭೀಮೇಶ್ವರಿಯ ದಾರಿಯಲ್ಲಿರುತ್ತವೆ.

ಈ ಓಡಾಟಕ್ಕೆಲ್ಲ ಪರಿಸರ ಪ್ರವಾಸೋದ್ಯಮ ಎಂಬ ಒಂದೇ ಹೆಸರು ಅಂಟಿದೆ. ಅದರಿಂದ ಕಾಡಿಗೆ ಒಳಿತೋ ಕೆಡುಕೋ ಎಂಬ ಚರ್ಚೆ ಬಂದಾಗಲೆಲ್ಲ ಎಲ್ಲರ ಕಣ್ಣು ಹೋಗುವುದು ಕಾಡಿನ ಒಳಕ್ಕೆ: ಹಾದಿಯಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿ, ಹುಲಿಯೊಂದರ ಸುತ್ತ ಜಮಾಯಿಸಿದ ಜೀಪುಗಳು, ಮಂಗಕ್ಕೆ ಎಸೆದ ಚಿಪ್ಸು. ಇವು ಸಣ್ಣ ತಪ್ಪುಗಳೇನಲ್ಲ. ಆದರೆ ಕರ್ನಾಟಕದ ನಾಲ್ಕೈದು ದಶಕಗಳ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ, ಈ ಉದ್ಯಮದ ದೊಡ್ಡ ಪೆಟ್ಟು ಬಿದ್ದಿರುವುದೂ ದೊಡ್ಡ ಉಪಕಾರ ಆಗಿರುವುದೂ ಕಾಡಿನ ಅಂಚಿನಲ್ಲಿ. ಅಂಚಿನ ಜಮೀನು ಯಾರ ಕೈ ಸೇರಿತು, ಅಂಚಿನ ಊರಿನವರಿಗೆ ದಕ್ಕಿದ್ದೇನು ಎಂಬುದನ್ನು ಬಿಟ್ಟು ಲಾಭನಷ್ಟದ ಲೆಕ್ಕ ಬರೆಯಲಾಗದು.

ಮೊದಲು ಬನ್ನೇರುಘಟ್ಟವನ್ನೇ ನೋಡೋಣ. ಮಕ್ಕಳನ್ನು ಕರೆದುಕೊಂಡು ಹೋಗಿ ‘ನ್ಯಾಷನಲ್ ಪಾರ್ಕ್ ನೋಡಿ ಬಂದೆವು’ ಎನ್ನುವವರಲ್ಲಿ ಬಹುತೇಕರು ನೋಡಿರುವುದು ರಾಷ್ಟ್ರೀಯ ಉದ್ಯಾನವನ್ನಲ್ಲ, ಜೈವಿಕ ಉದ್ಯಾನವನ್ನು. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಈಗ 260.51 ಚದರ ಕಿಲೋಮೀಟರ್. 2002ರಲ್ಲಿ ಅದರಿಂದ ಬೇರ್ಪಟ್ಟು ಮೃಗಾಲಯ ಪ್ರಾಧಿಕಾರದ ಸುಪರ್ದಿಗೆ ಬಂದ ಜೈವಿಕ ಉದ್ಯಾನ ಸುಮಾರು 730 ಹೆಕ್ಟೇರ್, ಅಂದರೆ ಏಳು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಸಫಾರಿ, ಮೃಗಾಲಯ, 2006ರಲ್ಲಿ ತೆರೆದ ಚಿಟ್ಟೆ ಉದ್ಯಾನ, 2024ರ ಜೂನ್‌ನಲ್ಲಿ 20 ಹೆಕ್ಟೇರಿನಲ್ಲಿ ಶುರುವಾದ ಚಿರತೆ ಸಫಾರಿ ಎಲ್ಲವೂ ಇರುವುದು ಈ ತುಣುಕಿನಲ್ಲಿ.

ಇಲ್ಲಿನ ಸಫಾರಿ ಬಸ್ಸಿನ ಕಿಟಕಿಗೆ ಕಬ್ಬಿಣದ ಜಾಲರಿ ಇದೆ. ಒಂದು ಗೇಟು ತೆರೆದು ಬಸ್ಸು ಒಳಹೊಕ್ಕು, ಆ ಗೇಟು ಮುಚ್ಚಿದ ಮೇಲಷ್ಟೇ ಮುಂದಿನದು ತೆರೆಯುತ್ತದೆ. ಸಿಂಹ ಯಾವ ಹೊತ್ತಿನಲ್ಲಿ ಯಾವ ನೆರಳಿಗೆ ಮಲಗುತ್ತದೆ ಎಂಬುದು ಡ್ರೈವರಿಗೆ ಗೊತ್ತು. ಅಲ್ಲಿ ಬಸ್ಸು ನಿಲ್ಲುತ್ತದೆ, ಮೊಬೈಲುಗಳು ಜಾಲರಿಗೆ ಒತ್ತಿಕೊಳ್ಳುತ್ತವೆ, ಹಿಂದಿನ ಸೀಟಿನ ಮಗುವೊಂದು ಅಪ್ಪನ ಹೆಗಲೇರುತ್ತದೆ. ಸರ್ಕಸ್ಸುಗಳಿಂದ ಬಿಡಿಸಿ ತಂದ ಸಿಂಹ, ಹುಲಿಗಳಿಗೆ ನೆಲೆ ಕೊಟ್ಟ ಜಾಗ ಇದು. ಇದನ್ನು ಕಾಡು ಎಂದು ಕರೆದರೆ ತಪ್ಪಾಗುತ್ತದೆ, ಆದರೆ ಕಾಡಿಗೆ ಇದರಿಂದ ಆಗುವ ಉಪಕಾರವನ್ನು ಮರೆಯುವುದೂ ತಪ್ಪೇ. ಜಯನಗರದ ಸರ್ಕಾರಿ ಶಾಲೆಯ ಮಗುವಿಗೂ ಬಿಟಿಎಂನ ಬಾಡಿಗೆ ಮನೆಯ ಮಗುವಿಗೂ ಕರಡಿ ಹೇಗಿರುತ್ತದೆ ಎಂದು ತೋರಿಸಲು ಕಬಿನಿಯ ಜೀಪು ಬೇಕಿಲ್ಲ. ಲಕ್ಷಾಂತರ ಜನರ ಕುತೂಹಲವನ್ನು ಏಳು ಚದರ ಕಿಲೋಮೀಟರ್ ಹೊತ್ತುಕೊಂಡಿರುವುದರಿಂದ ಉಳಿದ ಇನ್ನೂರೈವತ್ತಕ್ಕೆ ಅಷ್ಟರಮಟ್ಟಿನ ನೆಮ್ಮದಿ. ಜನಸಾಗರ ಬರುವುದಾದರೆ ಬೇಲಿಯೊಳಗಿನ ಇಂಥ ಜಾಗಕ್ಕೇ ಬರಲಿ ಎಂಬ ವಾದದಲ್ಲಿ ಹುರುಳಿದೆ.

ನಿಜವಾದ ಕಾಡಿನ ಕಥೆ ಬೇರೆ. ಅಲ್ಲಿ ಪ್ರವಾಸಿಗನಿಂದ ಏನಾಗುತ್ತದೆ ಎಂಬುದಕ್ಕೆ ಕನಕಪುರ ರಸ್ತೆಯ ಆ ತುದಿಯ ಕಾವೇರಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಕಾವೇರಿಯಲ್ಲಿ ಬಿಳಿಮೀನು ಎಂದು ಕರೆಯುವ ಮಹಶೀರ್ ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆಮೇಲೆ ಹೊಳೆಗೆ ಸಿಡಿಮದ್ದು ಎಸೆದು ಮೀನು ಬಾಚುವ ಕಾಲ ಬಂತು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಗಾಳಗಾರರ ಚಿಕ್ಕ ತಂಡವೊಂದು ಕಾವೇರಿಯಲ್ಲಿ ದೊಡ್ಡ ಮಹಶೀರ್ ಇನ್ನೂ ಉಳಿದಿದೆ ಎಂದು ಜಗತ್ತಿಗೆ ತೋರಿಸಿತು. ಅದರ ಬೆನ್ನಿಗೇ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳು ಎದ್ದವು. ನಿಯಮ ಸರಳ: ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ನೀರಿಗೆ ಬಿಡಬೇಕು. ನಿನ್ನೆಯವರೆಗೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಶಿಬಿರದ ಗೈಡ್‌ಗಳಾದರು, ಹೊಳೆ ಕಾಯುವವರಾದರು. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಮೇಲೇಳುತ್ತದೆ ಎಂಬ ಅವರ ತಿಳಿವಳಿಕೆಗೆ ಮೊದಲ ಬಾರಿಗೆ ಕಾನೂನಿಗೆ ಒಪ್ಪುವ ಸಂಬಳ ಸಿಕ್ಕಿತು.

ಮುಂದೆ ವನ್ಯಜೀವಿ ಕಾಯ್ದೆಯ ಪ್ರಶ್ನೆ ಎದ್ದಿತು. ಶಿಬಿರಗಳಿದ್ದ ಅಭಯಾರಣ್ಯದೊಳಗೆ ಗಾಳ ಹಾಕುವುದು ಬೇಟೆಯಲ್ಲವೇ? 2012ರ ಹೊತ್ತಿಗೆ ಅಲ್ಲಿನ ಗಾಳ ನಿಂತಿತು. ಕಾನೂನಿನ ಕಣ್ಣಿನಲ್ಲಿ ಅದು ಸರಿಯಾದ ತೀರ್ಮಾನವೇ. ಮೀನಿಗೆ ಗಾಳದಿಂದ ನೋವಿಲ್ಲ ಎಂದು ಯಾರೂ ಹೇಳಲಾರರು. ಆದರೆ ಸ್ವಾರಸ್ಯ ಇರುವುದು ಮುಂದಿನ ಭಾಗದಲ್ಲಿ. 1998ರಿಂದ 2012ರವರೆಗೆ ಗಾಲಿಬೋರೆಯ ಗಾಳಗಾರರು ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಕೂತು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಕಾವೇರಿಯದೇ ಆದ, ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಹೊರಗಿನಿಂದ ಬಂದ ನೀಲಿ ರೆಕ್ಕೆಯ ಮಹಶೀರ್ ಏರಿತ್ತು. 2018ರಲ್ಲಿ ಆ ಸ್ಥಳೀಯ ಮೀನಿಗೆ ‘ಟಾರ್ ರೇಮಾದೇವಿ’ ಎಂಬ ವೈಜ್ಞಾನಿಕ ಗುರುತು ಖಚಿತವಾಯಿತು, ಅದು ಅಳಿವಿನ ತೀರಾ ಅಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಗೆ ಸೇರಿತು. ಪ್ರವಾಸಿಗರ ಹವ್ಯಾಸದ ಪುಸ್ತಕವಿಲ್ಲದಿದ್ದರೆ ಈ ಕುಸಿತ ಇಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ. ಅದೇ ಹೊತ್ತಿಗೆ, ಗಾಳಕ್ಕೆ ಮೀನು ಹೆಚ್ಚಲೆಂದು ಮರಿ ಕೇಂದ್ರಗಳಿಂದ ತಂದು ಬಿಟ್ಟ ಹೊರಗಿನ ಮೀನೇ ಸ್ಥಳೀಯ ಮೀನನ್ನು ಹಿಂದಕ್ಕೆ ತಳ್ಳಿರಬಹುದು ಎಂಬ ಶಂಕೆಯೂ ಅದೇ ಅಧ್ಯಯನದಲ್ಲಿದೆ. ಹೊಳೆ ಕಾಯ್ದವರೂ ಗಾಳದ ಶಿಬಿರದವರೇ, ಹೊಳೆಗೆ ತಿಳಿಯದೆ ಕೇಡು ತಂದವರೂ ಬಹುಶಃ ಅವರೇ. ಪರಿಸರ ಪ್ರವಾಸೋದ್ಯಮವನ್ನು ಒಂದೇ ಮಾತಿನಲ್ಲಿ ಹೊಗಳುವವರೂ ತೆಗಳುವವರೂ ಒಮ್ಮೆ ಈ ಮೀನಿನ ಕಥೆ ಓದಬೇಕು.

ಕರ್ನಾಟಕ ಈ ಉದ್ಯಮಕ್ಕೆ ಹೊಸದಾಗಿ ಬಂದ ರಾಜ್ಯವಲ್ಲ. ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಹುಟ್ಟಿದ್ದು 1980ರಲ್ಲಿ. ಕಬಿನಿ ಹಿನ್ನೀರಿನ ಕಾರಾಪುರದಲ್ಲಿ, ಮಹಾರಾಜರ ಕಾಲದ ಬೇಟೆ ಬಂಗಲೆಯ ಜಾಗದಲ್ಲಿ ಅದರ ಮೊದಲ ತಾಣ ತೆರೆಯಿತು. ಬೇಟೆಯ ನೆಲೆ ನೋಡುವವರ ನೆಲೆಯಾದದ್ದು ದೊಡ್ಡ ಬದಲಾವಣೆಯೇ. ಅಲ್ಲಿ ತರಬೇತಾದ ಪ್ರಕೃತಿ ಮಾರ್ಗದರ್ಶಿಗಳು ಎರಡು ತಲೆಮಾರಿನ ಬೆಂಗಳೂರಿಗರಿಗೆ ಕಾಡಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಸಿದ್ದಾರೆ. ಕಾಡು ಉಳಿಯಲಿ ಎಂದು ನಗರದಲ್ಲಿ ದನಿ ಎತ್ತುವ ಎಷ್ಟೋ ಜನರಿಗೆ ಆ ಆಸೆ ಹುಟ್ಟಿದ್ದು ಇಂಥದೊಂದು ಜೀಪಿನಲ್ಲಿ.

ಆದರೆ ಸರ್ಕಾರಿ ತಾಣದ ಯಶಸ್ಸಿನ ಹಿಂದೆಯೇ ಖಾಸಗಿ ರೆಸಾರ್ಟುಗಳ ಸಾಲು ಬಂತು. ಹಿನ್ನೀರಿನ ದಡದ ಹೊಲಗಳು ಕೈ ಬದಲಾಯಿಸಿದವು. ಇದಕ್ಕೂ ಮೊದಲೇ, 1990ರ ದಶಕದ ನಡುವೆ, ನಾಗರಹೊಳೆ ಉದ್ಯಾನದ ಒಳಗಿನ ಮುರ್ಕಲ್‌ನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಸರ್ಕಾರ ಗುತ್ತಿಗೆ ಕೊಟ್ಟಿತ್ತು. ತಲೆಮಾರುಗಳಿಂದ ಆ ಕಾಡಿನಲ್ಲಿದ್ದ ಜೇನುಕುರುಬರಿಗೆ ‘ನೀವು ಹೊರಗೆ ಹೋಗಿ, ಕಾಡಿಗೆ ತೊಂದರೆ’ ಎಂದ ವ್ಯವಸ್ಥೆ ಅದೇ ಕಾಡಿನೊಳಗೆ ಹೋಟೆಲಿಗೆ ಜಾಗ ಕೊಟ್ಟಿತು. ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೋರಾಡಿ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ರಾಷ್ಟ್ರೀಯ ಉದ್ಯಾನದಲ್ಲಿ ಹೋಟೆಲು ತಡೆದವರು ಪರಿಸರ ತಜ್ಞರಿಗಿಂತ ಮೊದಲು ಹಾಡಿಯ ಜನ ಎಂಬುದನ್ನು ಬೆಂಗಳೂರಿನ ಪ್ರವಾಸಿಗ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಆ ಹಳೆಯ ಅಸಮಾಧಾನ ಆರಿಲ್ಲ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಕಾಡಂಚಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ರೈತರು ಹುಲಿ ದಾಳಿಗೆ ಬಲಿಯಾದಾಗ ಹಳ್ಳಿಗಳಿಂದ ಎದ್ದ ಕೂಗುಗಳಲ್ಲಿ ಒಂದು, ‘ಸಫಾರಿ ನಿಲ್ಲಿಸಿ’. ಅರಣ್ಯ ಸಚಿವ ಈಶ್ವರ ಖಂಡ್ರೆ ಎರಡೂ ಕಡೆ ಸಫಾರಿ, ಚಾರಣ ನಿಲ್ಲಿಸಲು ಆದೇಶಿಸಿದರು, ಸಫಾರಿಯ ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ಹಚ್ಚಿದರು. ಸಫಾರಿ ಜೀಪಿನ ಸದ್ದಿಗೆ ಬೇಸತ್ತು ಹುಲಿ ಊರಿಗೆ ಬರುತ್ತದೆ ಎಂಬುದನ್ನು ವಿಜ್ಞಾನ ಒಪ್ಪಿಲ್ಲ. ಹುಲಿಯ ಸಂಖ್ಯೆ, ಗಡಿಗಾಗಿ ಅವುಗಳ ನಡುವಿನ ಕಾದಾಟ, ಮುದಿ ಅಥವಾ ಗಾಯಗೊಂಡ ಪ್ರಾಣಿ, ಅಂಚಿನಲ್ಲಿ ಮೇಯುವ ದನ ಹೀಗೆ ಕಾರಣಗಳು ಹಲವು. ಹಾಗಿದ್ದೂ ಹಳ್ಳಿಗರ ಸಿಟ್ಟು ಸಫಾರಿಯ ಮೇಲೆಯೇ ಏಕೆ ತಿರುಗಿತು? ಒಬ್ಬ ರೈತ ರಾತ್ರಿಯಿಡೀ ಹೊಲದ ಅಟ್ಟಣೆಯಲ್ಲಿ ಕಾವಲು ಕೂರುತ್ತಾನೆ. ಬೆಳಿಗ್ಗೆ ಆರಕ್ಕೆ ಅವನ ಹೊಲದ ಪಕ್ಕದಲ್ಲೇ ಜೀಪುಗಳು ಹುಲಿ ನೋಡಲು ಹೋಗುತ್ತವೆ. ಆ ಹುಲಿಯಿಂದ ಒಬ್ಬರಿಗೆ ಆದಾಯ, ಇನ್ನೊಬ್ಬರಿಗೆ ಭಯ. ಸಫಾರಿಯಲ್ಲಿ ತನ್ನದೇನೂ ಪಾಲಿಲ್ಲ ಎಂದು ಅನ್ನಿಸಿದವನು ಅದನ್ನು ಉಳಿಸಿ ಎಂದು ಯಾಕೆ ಹೇಳಿಯಾನು?

ಪಾಲು ಕೊಡಬೇಕೆಂಬ ಮಾತು ಕಾಗದದಲ್ಲಿ ಇಲ್ಲದೇ ಇಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ಒಳಭಾಗದಲ್ಲಿ ಪ್ರವಾಸವನ್ನು ಕೆಲಕಾಲ ತಡೆದು, ಬಳಿಕ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ಸಡಿಲಿಸಿತು. ಒಳಭಾಗದ ಶೇ 20ಕ್ಕಿಂತ ಹೆಚ್ಚು ಜಾಗ ಪ್ರವಾಸಕ್ಕೆ ಬಳಸುವಂತಿಲ್ಲ ಎಂಬ ಮಿತಿ ಅದರಿಂದ ಬಂದದ್ದು. ಪ್ರವಾಸೋದ್ಯಮದಿಂದ ಸಂರಕ್ಷಣಾ ಶುಲ್ಕ ಪಡೆದು ಸ್ಥಳೀಯರ ಏಳಿಗೆಗೆ ಬಳಸಬೇಕು ಎಂಬ ಮಾತೂ ಅದೇ ಮಾರ್ಗಸೂಚಿಯಲ್ಲಿದೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಎರಡನೆಯದನ್ನು ನೆನಪಿಸುವವರು ಕಡಿಮೆ.

ಇದು ಆಗದ ಕೆಲಸವೇನಲ್ಲ. ಆಫ್ರಿಕಾದ ರುವಾಂಡಾದಲ್ಲಿ ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ ಎಂಟು ಜನರಿಗಷ್ಟೇ, ಅದೂ ಒಂದು ಗಂಟೆಗಷ್ಟೇ ಅವಕಾಶ. 2017ರಲ್ಲಿ ಅಲ್ಲಿನ ಸರ್ಕಾರ ಆ ಶುಲ್ಕವನ್ನು 750 ಡಾಲರಿನಿಂದ 1,500ಕ್ಕೆ ಏರಿಸಿತು. ಜೊತೆಗೇ ಉದ್ಯಾನಗಳ ಪ್ರವಾಸೋದ್ಯಮದ ಆದಾಯದಲ್ಲಿ ಸುತ್ತಲಿನ ಹಳ್ಳಿಗಳಿಗೆ ಕೊಡುವ ಪಾಲನ್ನು ಶೇ 5ರಿಂದ ಶೇ 10ಕ್ಕೆ ಹೆಚ್ಚಿಸಿತು. ಅಷ್ಟು ದುಬಾರಿ ಟಿಕೆಟ್ ನಮ್ಮಲ್ಲಿ ಬೇಡ, ಕಾಡು ಶ್ರೀಮಂತರ ಸೊತ್ತಾಗಬಾರದು. ಆದರೆ ಹಳ್ಳಿಯ ಪಾಲು ಎಷ್ಟು ಎಂದು ಶೇಕಡಾವಾರು ಲೆಕ್ಕದಲ್ಲಿ, ಎಲ್ಲರಿಗೂ ಗೊತ್ತಾಗುವಂತೆ ಹೇಳುವ ರೀತಿಯನ್ನಾದರೂ ಕಲಿಯಬಹುದು.

ರುವಾಂಡಾದವರೆಗೂ ಹೋಗಬೇಕಿಲ್ಲ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋದರೂ ಸಾಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಯ ಹಿತ್ತಿಲ ಹುಣಸೆ ಮರದಲ್ಲಿ, ಬೀದಿಯ ಆಲ, ಅರಳಿ ಮರಗಳಲ್ಲಿ. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಗೆ ಹತ್ತುವುದಿಲ್ಲ. ಹಿಕ್ಕೆಯ ನಾತ ಅಂಗಳಕ್ಕೆ ಬರುತ್ತದೆ, ತಿಂದು ಬಿಟ್ಟ ಮೀನಿನ ತುಂಡು ಚಾವಣಿಯ ಮೇಲೆ ಬೀಳುತ್ತದೆ. ಊರಿನವರು ಇಷ್ಟನ್ನೂ ಸಹಿಸಿಕೊಂಡು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಈ ಹಕ್ಕಿಗಳನ್ನು ಕಾಣುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ ಈ ಊರು ಹೊರಲೋಕದ ಗಮನಕ್ಕೆ ಬಂತು. ಹಕ್ಕಿ ಕೂರುವ ಮರಗಳಿಗಾಗಿ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬೆಳೆಯಿತು. ಊರಿನ ಯುವಕರ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಬಿಡುವ ಕೆಲಸಕ್ಕೆ ನಿಂತಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿ ಪ್ರವಾಸಿಗ ಅತಿಥಿ, ಮನೆ ಊರಿನವರದು. ಹಕ್ಕಿಗೆ ಏನಾಗಬೇಕು ಎಂದು ತೀರ್ಮಾನಿಸುವವರ ಸಾಲಿನಲ್ಲಿ ಹುಣಸೆ ಮರದ ಯಜಮಾನನೂ ಇದ್ದಾನೆ. ಕಬಿನಿಯ ಅಂಚಿನಲ್ಲಿ ಕಾಣದೇ ಹೋದದ್ದು ಇದೇ.

ಜನರ ಸಂಖ್ಯೆಯ ವಿಷಯದಲ್ಲಿ ಸರ್ಕಾರ ಸರಿಯಾದ ಹೆಜ್ಜೆ ಇಟ್ಟದ್ದೂ ಉಂಟು. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಜಾತ್ರೆಯ ಹಾಗೆ ನಿಂತ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯೊಂದಿಗೆ ಚಾರಣ ಮತ್ತೆ ಶುರುವಾಯಿತು. ಬಿಟಿಎಂನಿಂದ ಹೊರಡುವ ಕೆಲವು ತಂಡಗಳಿಗೆ ಇದು ಕಿರಿಕಿರಿ. ಕುಮಾರ ಪರ್ವತದ ಹುಲ್ಲುಗಾವಲಿಗೆ ಮಾತ್ರ ಇದು ಬೇಕಿತ್ತು.

ಇನ್ನು ಕೆಲವು ಕಾಡುಗಳಿಗೆ ಯಾವ ಪ್ರವಾಸೋದ್ಯಮವೂ ಬೇಡ. ಬನಶಂಕರಿ ಆರನೇ ಹಂತದ ಮನೆಗಳ ಬೆನ್ನಿಗೇ ಇರುವ ತುರಹಳ್ಳಿ ಅಂಥದು. ಬಂಡೆ, ಕುರುಚಲು, ನವಿಲು, ಮೊಲ, ಬೆಳಿಗ್ಗೆ ನಡೆಯಲು ಬರುವ ಸುತ್ತಲಿನ ಜನ. 2021ರ ಆರಂಭದಲ್ಲಿ ಅದರ ದೊಡ್ಡ ಭಾಗವನ್ನು ‘ಟ್ರೀ ಪಾರ್ಕ್’ ಮಾಡುವ ಯೋಜನೆ ಬಂದಾಗ ಅದನ್ನು ಮುಂದಿಟ್ಟವರ ಬಾಯಲ್ಲೂ ಪರಿಸರದ ಮಾತೇ ಇತ್ತು. ಸುತ್ತಲಿನ ಬಡಾವಣೆಗಳ ಜನ ಭಿತ್ತಿಪತ್ರ ಹಿಡಿದು ಕಾಡಿನ ಬಳಿ ನಿಂತರು. ಕಾಡಿಗೆ ಕಾಲುದಾರಿಯ ಕಲ್ಲು, ಕುಟೀರ, ಆಟದ ಸಾಮಾನು ಯಾಕೆ ಎಂಬ ಅವರ ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲ, ಯೋಜನೆ ಹಿಂದೆ ಸರಿಯಿತು. ದಕ್ಷಿಣ ಬೆಂಗಳೂರಿನ ನಾಗರಿಕರು ಹೆಮ್ಮೆಪಡಬೇಕಾದ ಗೆಲುವು ಅದು.

ಅದೇ ದನಿ ಇನ್ನೊಂದು ಸಂಗತಿಯಲ್ಲಿ ಅಷ್ಟು ಜೋರಾಗಿ ಕೇಳಲಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು, ಕೆಲವೆಡೆ ನಾಲ್ಕೂವರೆ ಕಿಲೋಮೀಟರಿನಷ್ಟು ಅಗಲವಿತ್ತು. 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ಅಗಲ ಹೆಚ್ಚೆಂದರೆ ಒಂದು ಕಿಲೋಮೀಟರ್, ಕಡಿಮೆಯೆಂದರೆ ನೂರು ಮೀಟರ್. ಇದರ ಅರ್ಥವೇನು? ಇಂಥ ಅಧಿಸೂಚನೆಗಳಲ್ಲಿ ಒಂದು ಷರತ್ತು ಇರುತ್ತದೆ: ಕಾಡಿನ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಅಥವಾ ಸೂಕ್ಷ್ಮ ವಲಯದ ಅಂಚಿನವರೆಗೆ, ಯಾವುದು ಹತ್ತಿರವೋ ಅಲ್ಲಿಯವರೆಗೆ ಹೊಸ ವಾಣಿಜ್ಯ ಹೋಟೆಲು, ರೆಸಾರ್ಟು ಕಟ್ಟುವಂತಿಲ್ಲ. ವಲಯದ ಅಗಲ ನೂರು ಮೀಟರಿಗೆ ಇಳಿದ ಕಡೆ ಈ ನಿಷೇಧವೂ ನೂರು ಮೀಟರಿಗೆ ನಿಲ್ಲುತ್ತದೆ. ಅದರಾಚೆಗೆ ‘ಕಾಡಿನ ಮಡಿಲಲ್ಲಿ’ ಎಂಬ ಜಾಹೀರಾತಿಗೆ ಅಡ್ಡಿಯಿಲ್ಲ. ರಾಗಿಹಳ್ಳಿ ಕಡೆಯ ಆನೆ ಹಾದಿಗೆ, ರಾಗಿ ಕೊಯ್ಲಿನ ಕಾಲದಲ್ಲಿ ಆನೆ ಬರುವ ಹೊಲಗಳಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ಹೊಲಕ್ಕೆ ಕಾಂಪೌಂಡು ಎದ್ದರೆ ಆನೆ ಪಕ್ಕದ ಹೊಲಕ್ಕೆ ತಿರುಗುತ್ತದೆ. ರೆಸಾರ್ಟಿನ ಅತಿಥಿಗೆ ಅದು ಕಾಣುವುದಿಲ್ಲ, ಪಕ್ಕದ ರೈತನಿಗೆ ಕಾಣುತ್ತದೆ.

ಸೂಕ್ಷ್ಮ ವಲಯಕ್ಕೆ ಸ್ಥಳೀಯರ ಅಭಿಪ್ರಾಯ ಕೇಳಿ ಎರಡು ವರ್ಷದೊಳಗೆ ವಲಯ ಮಹಾಯೋಜನೆ ರೂಪಿಸಬೇಕು ಎಂಬುದೂ ಇಂಥ ಅಧಿಸೂಚನೆಗಳ ಭಾಗವೇ. ಪರಿಸರ ಪ್ರವಾಸೋದ್ಯಮಕ್ಕೆ ಎಲ್ಲಿ ಅವಕಾಶ, ಎಷ್ಟು ಕೊಠಡಿ, ಎಲ್ಲಿ ಖಂಡಿತ ಬೇಡ ಎಂಬುದು ಅದರಲ್ಲಿ ಬರಬೇಕು. ಬನ್ನೇರುಘಟ್ಟದ ಲೆಕ್ಕದಲ್ಲಿ ಆ ಎರಡು ವರ್ಷ 2022ರ ಮಾರ್ಚ್‌ಗೆ ಮುಗಿದಿವೆ. ಅರಣ್ಯ ಇಲಾಖೆಯೂ ಜಿಲ್ಲಾಡಳಿತವೂ ಆನೆ ಹಾದಿ ಗುರುತಿಸಿದ ನಕ್ಷೆಯನ್ನು ಸರ್ವೆ ನಂಬರುಗಳ ಸಮೇತ, ಕನ್ನಡದಲ್ಲಿ, ಕಾಡಂಚಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಲಿ. ಯಾವ ರೆಸಾರ್ಟು, ಯಾವ ಹೋಮ್‌ಸ್ಟೇ ಎಷ್ಟು ಸಂರಕ್ಷಣಾ ಶುಲ್ಕ ಕಟ್ಟಿತು, ಅದರಲ್ಲಿ ಬೆಳೆನಷ್ಟಕ್ಕೆ, ಕಾವಲಿಗೆ, ಊರಿನ ಹುಡುಗರ ಕೆಲಸಕ್ಕೆ ಎಷ್ಟು ಹೋಯಿತು ಎಂಬುದನ್ನು ಅದೇ ಗೋಡೆಯ ಮೇಲೆ ಪ್ರತಿ ವರ್ಷ ಬರೆಯಲಿ. ತುರಹಳ್ಳಿಗಾಗಿ ಬೀದಿಗಿಳಿದವರು ಇದನ್ನೂ ಕೇಳಲಿ. ಜಯನಗರದಿಂದಲೋ ಜೆ.ಪಿ. ನಗರದಿಂದಲೋ ಮುಂದಿನ ಶನಿವಾರಕ್ಕೆ ಕಾಡಂಚಿನಲ್ಲಿ ಕೋಣೆ ಕಾದಿರಿಸುವ ಕುಟುಂಬವೂ, ದುಡ್ಡು ಕಟ್ಟುವ ಮೊದಲು ಆ ಜಾಗ ಯಾವ ಸರ್ವೆ ನಂಬರಿನಲ್ಲಿದೆ, ಅಲ್ಲಿ ದುಡಿಯುವವರು ಯಾವ ಊರಿನವರು ಎಂದು ಫೋನಿನಲ್ಲೇ ಕೇಳಲಿ.